ನಕ್ಷೆಯಲ್ಲಿ ಚುಕ್ಕೆ ತಪ್ಪಿದಾಗ: ಸೈಬರ್ ಭದ್ರತಾ ಡ್ಯಾಶ್‌ಬೋರ್ಡಿನ ದೋಷ ಹುಡುಕುವುದು ಹೇಗೆ

ರಾತ್ರಿ ಎರಡೂವರೆ. ಶಿಫ್ಟ್‌ನಲ್ಲಿದ್ದ ಹುಡುಗ ಫೋನ್ ಮಾಡಿದ. ‘ಸರ್, ನಮ್ಮ ವಿಪಿಎನ್‌ಗೆ ಆರ್ಕ್ಟಿಕ್ ಸಮುದ್ರದಿಂದ ಲಾಗಿನ್ ಬರ್ತಾ ಇವೆ. ಒಂದೆರಡಲ್ಲ, ತುಂಬಾ. ಬ್ಲಾಕ್ ಮಾಡ್ಲಾ?’ ಪರದೆಯ ಚಿತ್ರ ಕಳಿಸು ಎಂದೆ. ನಾರ್ವೆಗಿಂತ ಮೇಲೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ನೀರಿನಲ್ಲಿ ಒಂದು ದೊಡ್ಡ ಕೆಂಪು ಚುಕ್ಕೆ ಇತ್ತು. ಒಳಗಿನ ಹೆಸರುಗಳನ್ನು ಓದಿಸಿದೆ. ಎಲ್ಲರೂ ನಮ್ಮವರೇ, ಬೆಂಗಳೂರಿನಲ್ಲಿ ಮನೆಯಿಂದ ಕೆಲಸ ಮಾಡುವವರು. ಅವನು ಕೇಳದೆ ಬ್ಲಾಕ್ ಮಾಡಿದ್ದರೆ ಬೆಳಿಗ್ಗೆ ಅಷ್ಟೂ ಜನ ಹೊರಗೇ ಉಳಿಯುತ್ತಿದ್ದರು.

ಚುಕ್ಕೆ ಅಲ್ಲಿ ಹೇಗೆ ಬಿತ್ತು ಎಂದು ಹುಡುಕುತ್ತಾ ಹೋದಾಗ ಇದಕ್ಕಿಂತ ದೊಡ್ಡ ತೊಂದರೆ ಕೈಗೆ ಸಿಕ್ಕಿತು. ಅದನ್ನು ಮುಂದೆ ಹೇಳುತ್ತೇನೆ. ಲಾಗಿನ್, ದಾಳಿಗಳು ಎಲ್ಲಿಂದ ಬರುತ್ತಿವೆ ಎಂದು ಚುಕ್ಕೆಯಾಗಿ ತೋರಿಸುವ ನಕ್ಷೆಯನ್ನು ಭದ್ರತಾ ನಿಗಾ ಕೆಲಸದಲ್ಲಿ ಇಟ್ಟುಕೊಂಡವರಿಗೆ ಇಂಥ ದಿನ ಬಂದೇ ಬರುತ್ತದೆ. ಆಗ ಎಲ್ಲಿಂದ ಶುರು ಮಾಡಬೇಕು, ಯಾವ ಲಕ್ಷಣಕ್ಕೆ ಯಾವ ಕಾರಣ, ಹೇಗೆ ಖಚಿತ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಫೈರ್‌ವಾಲ್ ಮತ್ತು ದಾಳಿ ಪತ್ತೆ ಮಾಡುವ ಸುರಿಕಾಟಾದ ಲಾಗ್‌ಗಳು (ಘಟನೆಗಳ ದಾಖಲೆ ಸಾಲುಗಳು), ಅವನ್ನು ಬಿಡಿಸಿ ಸಾಗಿಸುವ ಲಾಗ್‌ಸ್ಟ್ಯಾಶ್ ದಾಟಿ, ಕೂಡಿಟ್ಟು ಹುಡುಕಲು ಕೊಡುವ ಎಲಾಸ್ಟಿಕ್‌ಸರ್ಚ್‌ಗೆ ಹೋಗುತ್ತವೆ. ನಕ್ಷೆ ಅದನ್ನೆಲ್ಲ ಪರದೆಗೆ ತರುವ ಕಿಬಾನಾದಲ್ಲಿದೆ. ನಿಮ್ಮದು ಸ್ಪ್ಲಂಕ್ ಅಥವಾ ಗ್ರಫಾನಾ ಆಗಿದ್ದರೆ ಹೆಸರುಗಳು ಬೇರೆ ಇರುತ್ತವೆ. ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಒಂದೇ ಒಂದು ವಿಳಾಸ ಹಿಡಿಯಿರಿ

ನಕ್ಷೆ ತಪ್ಪಾಗಿ ಕಂಡ ತಕ್ಷಣ ಎಲ್ಲರ ಕೈಯೂ ನಕ್ಷೆಯ ಸೆಟ್ಟಿಂಗ್‌ಗೆ ಹೋಗುತ್ತದೆ. ಬಣ್ಣ, ಲೇಯರ್, ಝೂಮ್ ಬದಲಿಸುತ್ತಾ ಸುಮ್ನೆ ಒಂದು ಗಂಟೆ ಕಳೆದುಹೋಗುತ್ತದೆ. ನಾನು ನೋಡಿದ ಮಟ್ಟಿಗೆ ತಪ್ಪು ನಕ್ಷೆಯಲ್ಲಿ ಇರುವುದು ಅಪರೂಪ. ನಕ್ಷೆಗೆ ಬರುವ ಮೊದಲೇ ಎಲ್ಲೋ ಕೆಟ್ಟಿರುತ್ತದೆ.

ಹಾಗಾಗಿ ತಪ್ಪಾಗಿ ಬಿದ್ದ ಒಂದು ಚುಕ್ಕೆ ಆರಿಸಿ, ಅದರ ಹಿಂದಿನ ಒಂದು ಐಪಿ ವಿಳಾಸ ಬರೆದುಕೊಳ್ಳಿ. ಆ ವಿಳಾಸ ಐದು ಕಡೆ ಹೇಗೆ ಕಾಣುತ್ತದೆ ನೋಡಿ. ಮೊದಲನೆಯದು ಸಾಧನ ಕಳಿಸಿದ ಮೂಲ ಲಾಗ್ ಸಾಲು. ಎರಡನೆಯದು ಅದನ್ನು ಪಾರ್ಸ್ ಮಾಡಿದ, ಅಂದರೆ ಭಾಗಗಳಾಗಿ ಬಿಡಿಸಿದ ಮೇಲೆ ಸಿಕ್ಕ ಫೀಲ್ಡ್. ಮೂರನೆಯದು ಯಾವ ವಿಳಾಸ ಯಾವ ಊರಿನದು ಎಂದು ಹೇಳುವ ಜಿಯೋಐಪಿ ಡೇಟಾಬೇಸ್ ಕೊಟ್ಟ ಉತ್ತರ. ನಾಲ್ಕನೆಯದು ಎಲಾಸ್ಟಿಕ್‌ಸರ್ಚ್‌ನ ಸಂಗ್ರಹದಲ್ಲಿ, ಅಂದರೆ ಇಂಡೆಕ್ಸ್‌ನಲ್ಲಿ ಉಳಿದ ದಾಖಲೆ. ಐದನೆಯದು ಪರದೆ. ನಾನು ನೋಟ್‌ಬುಕ್ಕಿನಲ್ಲಿ ಐದು ಸಾಲು ಎಳೆದು ಕೈಯಲ್ಲೇ ಬರೆಯುತ್ತೇನೆ. ಯಾವ ಎರಡು ಸಾಲು ಹೊಂದುವುದಿಲ್ಲವೋ ಅವುಗಳ ನಡುವೆ ದೋಷ ಇದೆ. ಉಳಿದದ್ದನ್ನು ಮುಟ್ಟುವುದೇ ಬೇಡ.

ಮೂರನೆಯ ಸಾಲಿಗೆ, ಈ ಡೇಟಾಬೇಸ್ ಮಾಡುವ ಮ್ಯಾಕ್ಸ್‌ಮೈಂಡ್ ಕಂಪನಿಯ ‘ಎಂಎಂಡಿಬಿ ಲುಕಪ್’ ಎಂಬ ಪುಟ್ಟ ಕಮಾಂಡ್ ಸಾಕು. ಡೇಟಾಬೇಸ್ ಫೈಲ್ ಮತ್ತು ವಿಳಾಸ ಕೊಟ್ಟರೆ ದೇಶ, ಊರು, ಅಕ್ಷಾಂಶ, ರೇಖಾಂಶ ಎಲ್ಲ ಹೊರಗೆ ಬರುತ್ತವೆ. ಒಂದು ಎಚ್ಚರಿಕೆ ಇದೆ. 192.0.2, 198.51.100, 203.0.113 ಎಂದು ಶುರುವಾಗುವ ವಿಳಾಸಗಳನ್ನು ಪರೀಕ್ಷೆಗೆ ಬಳಸಬೇಡಿ. ಕೈಪಿಡಿಗಳಲ್ಲಿ ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸಗಳು ಅವು. ಯಾವ ಊರಿಗೂ ಸೇರಿಲ್ಲ. ಅವಕ್ಕೆ ಉತ್ತರ ಬರಲಿಲ್ಲ ಎಂದು ಡೇಟಾಬೇಸನ್ನೇ ಮತ್ತೆ ಹಾಕಿ ಕೂತವರನ್ನು ನೋಡಿದ್ದೇನೆ.

ಚುಕ್ಕೆ ಸಮುದ್ರದಲ್ಲಿದೆ

ನಮ್ಮ ಆರ್ಕ್ಟಿಕ್ ಚುಕ್ಕೆಗೆ ಬರೋಣ. ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59. ಎರಡನ್ನೂ ತಿರುವುಮುರುವು ಮಾಡಿ ನೋಡಿ. 77.59 ಉತ್ತರ, 12.97 ಪೂರ್ವ. ಅದು ಸ್ವಾಲ್ಬಾರ್ಡಿನ ಪಶ್ಚಿಮದ ಸಮುದ್ರ. ಮಂಗಳೂರನ್ನು ತಿರುಗಿಸಿದರೆ ಅಲ್ಲಿಂದ ಸ್ವಲ್ಪ ಕೆಳಗಿನ ನೀರು. ದೆಹಲಿ ಅದೇ ಸೀಮೆಯ ಬೇರೆಂಟ್ಸ್ ಸಮುದ್ರಕ್ಕೆ, ಮುಂಬೈ ಅದರ ಪಶ್ಚಿಮ ಅಂಚಿನ ಕಡೆಗೆ ಹೋಗಿ ಬೀಳುತ್ತವೆ. ಭಾರತದ ಲಾಗಿನ್‌ಗಳು ಉತ್ತರ ಧ್ರುವದ ಕಡೆ ಗುಂಪುಕಟ್ಟಿದರೆ ಬೇರೆ ಏನೂ ಯೋಚಿಸಬೇಡಿ. ಅಕ್ಷಾಂಶ ರೇಖಾಂಶ ಅದಲುಬದಲಾಗಿವೆ.

ಹೇಗೆ ಆಗುತ್ತದೆ? ನಾವು ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು. ಜಿಯೋಜೇಸನ್ ಎಂಬ ಫಾರ್ಮ್ಯಾಟಿನಲ್ಲಿ ರೇಖಾಂಶ ಮೊದಲು. ಎಲಾಸ್ಟಿಕ್‌ಸರ್ಚ್ ಎರಡನ್ನೂ ಒಪ್ಪುತ್ತದೆ, ಬರೆಯುವ ರೀತಿ ನೋಡಿ ಅರ್ಥ ಮಾಡಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮ ಹಾಕಿ ಬರೆದರೆ ಅಕ್ಷಾಂಶ ಮೊದಲು ಎಂದುಕೊಳ್ಳುತ್ತದೆ. ಅದೇ ಎರಡು ಸಂಖ್ಯೆಗಳನ್ನು ಚೌಕ ಆವರಣದೊಳಗೆ ಪಟ್ಟಿಯಾಗಿ ಕೊಟ್ಟರೆ ರೇಖಾಂಶ ಮೊದಲು ಎಂದುಕೊಳ್ಳುತ್ತದೆ. ನಮ್ಮಲ್ಲಿ ಹಿಂದಿನ ದಿನ ಒಂದು ಪೈಥಾನ್ ಸ್ಕ್ರಿಪ್ಟ್ ಬದಲಾಗಿತ್ತು. ಮೊದಲು ಅದು ಉದ್ಧರಣ ಚಿಹ್ನೆಯೊಳಗೆ ಬರೆಯುತ್ತಿತ್ತು. ಯಾರೋ ಅದನ್ನು ಅಚ್ಚುಕಟ್ಟು ಮಾಡಲು ಪಟ್ಟಿಯಾಗಿ ಬದಲಿಸಿದ್ದರು. ಕ್ರಮ ಮಾತ್ರ ಹಾಗೇ ಬಿಟ್ಟಿದ್ದರು. ಬೆಂಗಳೂರಿನ ಲಾಗಿನ್‌ಗಳಿಗೆ ಎರರ್ ಬರಲಿಲ್ಲ, ಏಕೆಂದರೆ 77.59 ಎಂಬುದು ಅಕ್ಷಾಂಶವಾಗಿಯೂ ಸರಿಯಾದ ಸಂಖ್ಯೆಯೇ.

ಇಲ್ಲಿಗೇ ಬಿಟ್ಟಿದ್ದರೆ ನಾನು ಸ್ಕ್ರಿಪ್ಟ್ ಸರಿಮಾಡಿ ಮಲಗುತ್ತಿದ್ದೆ. ಆದರೆ ನಕ್ಷೆಯಲ್ಲಿ ಇನ್ನೊಂದು ವಿಷಯ ಕಾಣುತ್ತಿತ್ತು. ದಿನವೂ ಇರುವ ಸಿಂಗಪುರ, ಚೀನಾ, ಜಪಾನಿನ ಚುಕ್ಕೆಗಳು ಅವತ್ತು ಇರಲೇ ಇಲ್ಲ. ಅಮೆರಿಕದ ಪಶ್ಚಿಮ ಕರಾವಳಿಯೂ ಖಾಲಿ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಸಿಂಗಪುರದ ರೇಖಾಂಶ ಸುಮಾರು 103.8. ಅದನ್ನು ಅಕ್ಷಾಂಶದ ಜಾಗದಲ್ಲಿ ಇಟ್ಟರೆ 90 ದಾಟುತ್ತದೆ. ಅಂಥ ಅಕ್ಷಾಂಶ ಭೂಮಿಯ ಮೇಲೆ ಇಲ್ಲ. ಆದ್ದರಿಂದ ಎಲಾಸ್ಟಿಕ್‌ಸರ್ಚ್ ಆ ಇಡೀ ದಾಖಲೆಯನ್ನೇ ತಿರಸ್ಕರಿಸುತ್ತದೆ. ಬರೀ ಜಾಗದ ಮಾಹಿತಿಯನ್ನಲ್ಲ, ಯಾರು ಲಾಗಿನ್ ಆದರು, ಯಾವ ಪೋರ್ಟ್, ಯಾವ ಅಲರ್ಟ್, ಎಲ್ಲವನ್ನೂ. ಲಾಗ್‌ಸ್ಟ್ಯಾಶ್ ತನ್ನ ಲಾಗ್‌ನಲ್ಲಿ ಒಂದು ಎಚ್ಚರಿಕೆ ಸಾಲು ಬರೆದು ಮುಂದೆ ಹೋಗುತ್ತದೆ. ತಿರಸ್ಕೃತ ದಾಖಲೆಗಳನ್ನು ಎತ್ತಿಡುವ ‘ಡೆಡ್ ಲೆಟರ್ ಕ್ಯೂ’ ಎಂಬ ಸೌಲಭ್ಯ ಅದರಲ್ಲಿ ಇದೆ. ನಾವಾಗಿ ಆನ್ ಮಾಡಿದರೆ ಮಾತ್ರ ಕೆಲಸ ಮಾಡುತ್ತದೆ. ನಮ್ಮಲ್ಲಿ ಆನ್ ಇರಲಿಲ್ಲ.

ಅಂದರೆ ಸುಮಾರು ಒಂದು ದಿನ ಪೂರ್ವ ಮತ್ತು ಆಗ್ನೇಯ ಏಷ್ಯಾದಿಂದ ಬಂದ ಯಾವುದೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ನಕ್ಷೆಯಲ್ಲಷ್ಟೇ ಅಲ್ಲ, ಹುಡುಕಾಟದಲ್ಲಿಯೂ ಇಲ್ಲ, ಅಲರ್ಟ್‌ಗಳಲ್ಲಿಯೂ ಇಲ್ಲ. ನಮ್ಮ ಗುವಾಹಟಿ ಕಚೇರಿಯದ್ದೂ ಹಾಗೆಯೇ ಹೋಗಿತ್ತು, ಅದರ ರೇಖಾಂಶ 91 ದಾಟುತ್ತದೆ. ಅದೃಷ್ಟಕ್ಕೆ ಮೂಲ ಲಾಗ್‌ಗಳು ಬೇರೆ ಸರ್ವರ್‌ನಲ್ಲಿದ್ದವು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್ ಇಡಲೇಬೇಕು. ಆ ನಿಯಮಕ್ಕಾಗಿ ಇಟ್ಟದ್ದು ಅವತ್ತು ಕೈಹಿಡಿಯಿತು. ಸ್ಕ್ರಿಪ್ಟ್ ಸರಿಮಾಡಿ ಅಷ್ಟನ್ನೂ ಮತ್ತೆ ಹಾಯಿಸಿದೆವು. ಸಿಂಗಪುರದ ಬಾಡಿಗೆ ಸರ್ವರ್‌ಗಳಿಂದ ನಮ್ಮ ಒಬ್ಬರ ವಿಪಿಎನ್ ಖಾತೆಗೆ ರಾತ್ರಿಯಿಡೀ ಪಾಸ್‌ವರ್ಡ್ ಊಹಿಸುವ ಪ್ರಯತ್ನ ನಡೆದಿತ್ತು. ಒಳಗೆ ಬರಲು ಆಗಿರಲಿಲ್ಲ. ಆ ಖಾತೆಯ ಪಾಸ್‌ವರ್ಡ್ ಬದಲಿಸಿದೆವು.

ಅಂದಿನಿಂದ ನಮ್ಮಲ್ಲಿ ಜಾಗವನ್ನು ಯಾವಾಗಲೂ ಅಕ್ಷಾಂಶ, ರೇಖಾಂಶ ಎಂದು ಹೆಸರು ಕೊಟ್ಟು ಎರಡು ಭಾಗವಾಗಿಯೇ ಬರೆಯುತ್ತೇವೆ. ಹೆಸರು ಇದ್ದರೆ ಕ್ರಮದ ಗೊಂದಲವೇ ಬರುವುದಿಲ್ಲ. ಎಲಾಸ್ಟಿಕ್‌ಸರ್ಚ್‌ನಲ್ಲಿ ಕೆಟ್ಟ ಜಾಗ ಬಂದರೆ ಆ ಫೀಲ್ಡ್ ಮಾತ್ರ ಬಿಟ್ಟು ಉಳಿದ ದಾಖಲೆ ಉಳಿಸಿಕೊಳ್ಳುವ ಸೆಟ್ಟಿಂಗ್ ಕೂಡ ಇದೆ. ಅದನ್ನೂ ಹಾಕಿದ್ದೇವೆ. ಭದ್ರತಾ ಲಾಗ್‌ನಲ್ಲಿ ಜಾಗ ಗೊತ್ತಾಗದಿದ್ದರೂ ಪರವಾಗಿಲ್ಲ, ಘಟನೆ ಕಳೆದುಹೋಗಬಾರದು.

ಬೇರೆ ದೇಶಗಳು ಅದಲುಬದಲಾದರೆ ಎಲ್ಲಿ ಬೀಳುತ್ತವೆ ಎಂಬುದೂ ತಿಳಿದಿರಲಿ. ಲಂಡನ್ ಸೊಮಾಲಿಯಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿ ಬೀಳುತ್ತದೆ. ನ್ಯೂಯಾರ್ಕ್ ಅಂಟಾರ್ಕ್ಟಿಕಾದಲ್ಲಿ.

ಇನ್ನು ಚುಕ್ಕೆಗಳು ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ ಇದ್ದರೆ ಅದು ಬೇರೆ ಕಾಯಿಲೆ. ಅಲ್ಲಿ ಅಕ್ಷಾಂಶವೂ ಸೊನ್ನೆ, ರೇಖಾಂಶವೂ ಸೊನ್ನೆ. ನಕ್ಷೆ ಮಾಡುವವರು ಆ ಜಾಗವನ್ನು ‘ನಲ್ ಐಲ್ಯಾಂಡ್’ ಎನ್ನುತ್ತಾರೆ. ದ್ವೀಪವೇನೂ ಇಲ್ಲ, ನೀರು ಮಾತ್ರ. ಜಾಗ ಸಿಗದಿದ್ದಾಗ ಖಾಲಿ ಬಿಡುವ ಬದಲು ಯಾರೋ ಸೊನ್ನೆ ತುಂಬಿದ್ದಾರೆ ಎಂದು ಅರ್ಥ. ಆ ಸೊನ್ನೆ ತುಂಬುವ ಸಾಲನ್ನು ಹುಡುಕಿ ತೆಗೆಯಿರಿ.

ನಕ್ಷೆ ಪೂರ್ತಿ ಖಾಲಿ

ಖಾಲಿ ಎಂದರೆ ಏನು ಖಾಲಿ ಎಂದು ಮೊದಲು ಕೇಳಿಕೊಳ್ಳಿ. ದೇಶಗಳ ಚಿತ್ರ ಇದೆ ಚುಕ್ಕೆ ಇಲ್ಲವೋ, ಚುಕ್ಕೆ ಇವೆ ಹಿಂದಿನ ಚಿತ್ರ ಬೂದು ಬಣ್ಣವೋ, ಅಥವಾ ಎರಡೂ ಇಲ್ಲವೋ.

ಚಿತ್ರ ಇಲ್ಲದೆ ಚುಕ್ಕೆ ಮಾತ್ರ ಇದ್ದರೆ ನಿಮ್ಮ ಡೇಟಾ ಸರಿಯಾಗಿದೆ. ಹಿನ್ನೆಲೆಯ ನಕ್ಷೆ ತುಣುಕುಗಳು ಹೊರಗಿನ ಸರ್ವರ್‌ನಿಂದ ಬರುತ್ತವೆ. ಇಂಟರ್ನೆಟ್ ಕಟ್ಟಿಟ್ಟ ಭದ್ರತಾ ಕೋಣೆಯಲ್ಲಿ ಹೊರಗಿನ ಸಂಪರ್ಕಕ್ಕೆ ನಡುವೆ ನಿಲ್ಲುವ ಪ್ರಾಕ್ಸಿ ಸರ್ವರ್ ಅವನ್ನು ತಡೆದಿರುತ್ತದೆ. ಆ ವಿಳಾಸಕ್ಕೆ ಅನುಮತಿ ಕೊಡಿ, ಇಲ್ಲವೇ ನಕ್ಷೆ ಸರ್ವರನ್ನು ಒಳಗೇ ಇಟ್ಟುಕೊಳ್ಳಿ. ಎರಡೂ ಇಲ್ಲದೆ ಪೂರ್ತಿ ಬಿಳಿಯಾಗಿದ್ದರೆ, ಅದೇ ಡ್ಯಾಶ್‌ಬೋರ್ಡನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ. ಅಲ್ಲಿ ಬಂದರೆ ಗೋಡೆಯ ಪರದೆಗೆ ಕಟ್ಟಿದ ಚಿಕ್ಕ ಕಂಪ್ಯೂಟರ್‌ನಲ್ಲಿ, ಬ್ರೌಸರಿನೊಳಗೆ ನಕ್ಷೆ ಚಿತ್ರಿಸುವ ವೆಬ್‌ಜಿಎಲ್ ಓಡುತ್ತಿಲ್ಲ. ಗ್ರಾಫಿಕ್ಸ್ ಡ್ರೈವರ್ ಹಾಕಿದರೆ ಸಾಕು.

ದೇಶಗಳು ಇವೆ, ಚುಕ್ಕೆ ಇಲ್ಲ ಎಂದರೆ ನಾನು ಮೊದಲು ಗಡಿಯಾರ ನೋಡುತ್ತೇನೆ. ನಮ್ಮ ದೇಶದಲ್ಲಿ ಇದು ತುಂಬಾ ಸಲ ಆಗುತ್ತದೆ. ಫೈರ್‌ವಾಲ್ ಭಾರತದ ಸಮಯದಲ್ಲಿ ಲಾಗ್ ಬರೆಯುತ್ತದೆ, ಆದರೆ ಇದು ಭಾರತದ ಸಮಯ ಎಂದು ಸಾಲಿನಲ್ಲಿ ಹೇಳುವುದಿಲ್ಲ. ಓದುವ ತಂತ್ರಾಂಶ ಅದನ್ನು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಎಂದುಕೊಳ್ಳುತ್ತದೆ. ಮಧ್ಯಾಹ್ನ 2 ಗಂಟೆಯ ಘಟನೆ ಸಂಜೆ 7:30ಕ್ಕೆ ಹೋಗಿ ಕೂರುತ್ತದೆ. ನಕ್ಷೆ ‘ಕಳೆದ 15 ನಿಮಿಷ’ ತೋರಿಸುತ್ತಿದೆ, ಘಟನೆಗಳೆಲ್ಲ ಐದೂವರೆ ಗಂಟೆ ಮುಂದೆ ಇವೆ. ಸಮಯದ ಕಿಟಕಿಯನ್ನು ಮುಂದಿನ 6 ಗಂಟೆಯವರೆಗೆ ಎಳೆದು ನೋಡಿ. ಚುಕ್ಕೆಗಳು ಧಡಕ್ಕನೆ ಬಂದರೆ ಇದೇ ಕಾರಣ. ಪಾರ್ಸ್ ಮಾಡುವ ಜಾಗದಲ್ಲಿ ಏಷ್ಯಾ/ಕೋಲ್ಕತ್ತಾ ಎಂದು ಸಮಯ ವಲಯ ಹೇಳಿ. ಸಾಧನದ ಗಡಿಯಾರವೇ ಹಿಂದೆಮುಂದೆ ಇದ್ದರೆ, ಜಾಲದ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಸರಿಮಾಡಿ. ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯದ ಸರ್ವರ್‌ಗೆ ಗಡಿಯಾರ ಹೊಂದಿಸಬೇಕೆಂದು ಅದೇ 2022ರ ನಿರ್ದೇಶನ ಹೇಳುತ್ತದೆ. ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ಅದರಲ್ಲಿದೆ. ಐದೂವರೆ ಗಂಟೆ ತಪ್ಪಿದ ಗಡಿಯಾರ ಇಟ್ಟುಕೊಂಡು ಅದನ್ನು ಪಾಲಿಸುವುದು ಎಷ್ಟು ಕಷ್ಟ ಅಲ್ವಾ?

ಗಡಿಯಾರ ಸರಿಯಿದ್ದೂ ಚುಕ್ಕೆ ಇಲ್ಲದಿದ್ದರೆ ಮ್ಯಾಪಿಂಗ್ ನೋಡಿ. ಇಲ್ಲಿ ಮ್ಯಾಪಿಂಗ್ ಎಂದರೆ ನಕ್ಷೆ ಅಲ್ಲ, ಯಾವ ಫೀಲ್ಡ್ ಯಾವ ಬಗೆಯದು ಎಂಬ ಎಲಾಸ್ಟಿಕ್‌ಸರ್ಚ್‌ನ ಪಟ್ಟಿ. ಜಾಗದ ಫೀಲ್ಡ್ ‘ಜಿಯೋ ಪಾಯಿಂಟ್’ ಎಂಬ ಬಗೆಯದಾಗಿರಬೇಕು. ನಾವು ಹೇಳದಿದ್ದರೆ ಅದು ಬರೀ ಎರಡು ದಶಮಾಂಶ ಸಂಖ್ಯೆ ಎಂದುಕೊಳ್ಳುತ್ತದೆ. ಲಾಗ್‌ಸ್ಟ್ಯಾಶ್ ಎಂದು ಹೆಸರು ಶುರುವಾಗುವ ಇಂಡೆಕ್ಸ್‌ಗೆ ಈ ಬಗೆಗಳನ್ನು ಮೊದಲೇ ಹೇಳುವ ಸಿದ್ಧ ಟೆಂಪ್ಲೇಟ್ ಸಿಗುತ್ತದೆ. ಹೆಸರನ್ನು ನಿಮ್ಮ ಕಂಪನಿಯ ಹೆಸರಿಗೆ ಬದಲಿಸಿದ ದಿನ ಆ ಟೆಂಪ್ಲೇಟ್ ತಪ್ಪಿಹೋಗುತ್ತದೆ. ‘ನಿನ್ನೆವರೆಗೂ ಸರಿ ಇತ್ತು, ಹೆಸರು ಮಾತ್ರ ಬದಲಿಸಿದ್ವಿ’ ಎಂದು ಯಾರಾದರೂ ಹೇಳಿದರೆ ಕಾರಣ ಅಲ್ಲೇ ಇದೆ. ಒಮ್ಮೆ ಕೂತ ಬಗೆಯನ್ನು ಬದಲಿಸಲು ಆಗುವುದಿಲ್ಲ. ಹೊಸ ಟೆಂಪ್ಲೇಟ್ ಮಾಡಿ ಹಳೆಯದನ್ನು ಮರು ಇಂಡೆಕ್ಸ್ ಮಾಡಬೇಕು.

ಡೇಟಾಬೇಸ್ ಹಳೆಯದಾದರೂ ಚುಕ್ಕೆ ನಿಲ್ಲುತ್ತವೆ. ಲಾಗ್‌ಸ್ಟ್ಯಾಶ್ ಆಗಲಿ ಎಲಾಸ್ಟಿಕ್‌ಸರ್ಚ್ ಆಗಲಿ, ತಾವಾಗಿ ಇಳಿಸಿಕೊಳ್ಳುವ ಮ್ಯಾಕ್ಸ್‌ಮೈಂಡ್‌ನ ಉಚಿತ ಜಿಯೋಲೈಟ್2 ಡೇಟಾಬೇಸನ್ನು 30 ದಿನ ನವೀಕರಿಸಲು ಆಗದಿದ್ದರೆ ಜಾಗ ಹಾಕುವುದನ್ನೇ ನಿಲ್ಲಿಸುತ್ತವೆ. ದಾಖಲೆಯಲ್ಲಿ ‘ಜಿಯೋಐಪಿ ಎಕ್ಸ್‌ಪೈರ್ಡ್ ಡೇಟಾಬೇಸ್’ ಎಂಬ ಟ್ಯಾಗ್ ಇದ್ದರೆ ಇದೇ. ‘ಲುಕಪ್ ಫೇಲ್ಯೂರ್’ ಟ್ಯಾಗ್ ಬೇರೆ, ಅದು ಆ ವಿಳಾಸ ಸಿಗಲಿಲ್ಲ ಎಂದಷ್ಟೇ ಹೇಳುತ್ತದೆ. ಫೈಲನ್ನು ನೀವೇ ಇಳಿಸುತ್ತಿದ್ದರೆ ಕೀ ನೋಡಿ. 2019ರ ಡಿಸೆಂಬರ್ 30ರಿಂದ ಜಿಯೋಲೈಟ್2 ಬೇಕೆಂದರೆ ಮ್ಯಾಕ್ಸ್‌ಮೈಂಡ್‌ನಲ್ಲಿ ಖಾತೆ ತೆರೆದು ಲೈಸೆನ್ಸ್ ಕೀ ಪಡೆಯಬೇಕು. ಕೀ ಪಡೆದವರು ಕೆಲಸ ಬಿಟ್ಟುಹೋಗಿ, ಅವರ ಮೇಲ್ ಖಾತೆ ಮುಚ್ಚಿ, ಡೌನ್‌ಲೋಡ್ ನಿಂತು ತಿಂಗಳುಗಳಾದರೂ ಯಾರಿಗೂ ತಿಳಿಯದ ಪ್ರಸಂಗ ನನಗೆ ಗೊತ್ತು.

ಎಲ್ಲ ದಾಳಿಯೂ ಒಂದೇ ಜಾಗದಿಂದ

ಜಗತ್ತಿನ ದಾಳಿಯೆಲ್ಲ ಒಂದೇ ಊರಿಂದ ಬರುತ್ತಿದೆ ಎಂದು ನಕ್ಷೆ ಹೇಳಿದರೆ, ಬಹುಶಃ ಆ ಊರಿನಲ್ಲಿ, ಸರ್ವರ್‌ಗಳ ಮುಂದೆ ನಿಂತು ದಟ್ಟಣೆ ಹಂಚುವ ನಿಮ್ಮದೇ ಲೋಡ್ ಬ್ಯಾಲೆನ್ಸರ್ ಅಥವಾ ಸಿಡಿಎನ್ ಕೂತಿದೆ. ವೆಬ್ ಸರ್ವರ್‌ಗೆ ಕಾಣುವುದು ತನ್ನ ಮುಂದಿನ ಯಂತ್ರದ ವಿಳಾಸ. ನಿಜವಾದ ವಿಳಾಸ ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಹೆಡರ್‌ನಲ್ಲಿ ಇರುತ್ತದೆ. ಅದರಲ್ಲಿ ಒಂದಕ್ಕಿಂತ ಜಾಸ್ತಿ ವಿಳಾಸ ಇದ್ದರೆ ಎಡಗಡೆಯ ಮೊದಲನೆಯದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಅದನ್ನು ದಾಳಿ ಮಾಡುವವನೇ ಬೇಕಾದ ಹಾಗೆ ಬರೆದು ಕಳಿಸಬಹುದು. ಬಲಗಡೆಯಿಂದ ಓದುತ್ತಾ ಬನ್ನಿ, ನಿಮ್ಮದೇ ಪ್ರಾಕ್ಸಿಗಳನ್ನು ಬಿಡುತ್ತಾ ಹೋಗಿ, ನಿಮ್ಮದಲ್ಲದ ಮೊದಲ ವಿಳಾಸ ಸಿಕ್ಕಲ್ಲಿ ನಿಲ್ಲಿ.

ದಾಳಿ ನಿಮ್ಮ ಕಚೇರಿಯಿಂದಲೇ ಹೊರಡುತ್ತಿರುವಂತೆ ಕಂಡರೆ ದಿಕ್ಕು ನೋಡಿ. ಸುರಿಕಾಟಾದ ಕೆಲವು ನಿಯಮಗಳು ಸರ್ವರ್ ಕೊಟ್ಟ ಉತ್ತರವನ್ನು ನೋಡಿ ಅಲರ್ಟ್ ಎಬ್ಬಿಸುತ್ತವೆ. ಆಗ ಕಳಿಸಿದವನು ಎಂಬ ಫೀಲ್ಡ್‌ನಲ್ಲಿ ನಿಮ್ಮ ಸರ್ವರ್ ಇರುತ್ತದೆ, ತಲುಪಿದವನು ಎಂಬ ಕಡೆ ದಾಳಿಕೋರ. ನಾವು ಎರಡರಲ್ಲಿ ಯಾವುದು ನಮ್ಮ ಜಾಲದ್ದಲ್ಲವೋ ಅದನ್ನು ‘ಹೊರಗಿನ ವಿಳಾಸ’ ಎಂದು ಬೇರೆ ಫೀಲ್ಡ್‌ಗೆ ಹಾಕಿ, ಅದಕ್ಕೆ ಮಾತ್ರ ಜಾಗ ಹುಡುಕುತ್ತೇವೆ.

ನಮ್ಮ ಜಾಲ ಯಾವುದು ಎಂದು ಬರೆಯುವಾಗ ಸಂಖ್ಯೆ ಸರಿಯಾಗಿರಲಿ. 172ರ ಸಾಲಿನಲ್ಲಿ ಒಳಗಿನ ವಿಳಾಸ 172.16ರಿಂದ 172.31ರವರೆಗೆ ಮಾತ್ರ. 172 ಎಂದು ಶುರುವಾದದ್ದೆಲ್ಲ ಒಳಗಿನದು ಎಂದು ಬರೆದುಬಿಟ್ಟರೆ ಹೊರಗಿನ ಎಷ್ಟೋ ವಿಳಾಸ ನಕ್ಷೆಯಿಂದ ಮಾಯವಾಗುತ್ತವೆ. ಸಿಡಿಎನ್ ಕಂಪನಿ ಕ್ಲೌಡ್‌ಫ್ಲೇರ್‌ನ 172.64 ಅದಕ್ಕೆ ಒಂದು ಉದಾಹರಣೆ. 100.64ರಿಂದ 100.127ರವರೆಗಿನದು ಸೇವಾ ಕಂಪನಿಗಳು ತಮ್ಮೊಳಗೆ ಹಂಚಿಕೊಳ್ಳುವ ವಿಳಾಸ. ಅದಕ್ಕೂ ಊರು ಇಲ್ಲ. ಶಾಖೆಗಳ ಒಳಗಿನ ವಿಳಾಸಗಳಿಗೆ ಜಾಗ ಬೇಕೆಂದರೆ ನಿಮ್ಮದೇ ಚಿಕ್ಕ ಪಟ್ಟಿ ಮಾಡಿ. ಯಾವ ಸಬ್‌ನೆಟ್ (ವಿಳಾಸಗಳ ಗುಂಪು) ಹುಬ್ಬಳ್ಳಿ, ಯಾವುದು ಹೊಸಪೇಟೆ ಎಂದು ನಿಮಗಿಂತ ಚೆನ್ನಾಗಿ ಯಾವ ಡೇಟಾಬೇಸಿಗೂ ಗೊತ್ತಿರುವುದಿಲ್ಲ.

ಚುಕ್ಕೆ ದೇಶದ ನಡುಮಧ್ಯೆ

ಇದು ದೋಷ ಅನ್ನಿಸುವುದೇ ಇಲ್ಲ, ಅದಕ್ಕೇ ಹೆಚ್ಚು ಅಪಾಯ. ಡೇಟಾಬೇಸ್‌ಗೆ ದೇಶ ಮಾತ್ರ ಗೊತ್ತಿದ್ದು ಊರು ಗೊತ್ತಿಲ್ಲದಿದ್ದರೆ ಅದು ದೇಶದ ಮಧ್ಯದ ಒಂದು ಬಿಂದು ಕೊಡುತ್ತದೆ. ನಕ್ಷೆ ಅಲ್ಲಿ ಚುಕ್ಕೆ ಹಾಕುತ್ತದೆ. ನೋಡುವವರಿಗೆ ಅಲ್ಲೊಂದು ಮನೆಯೋ ಕಟ್ಟಡವೋ ಇದೆ ಎನ್ನಿಸುತ್ತದೆ.

ಅಮೆರಿಕದ ಕಾನ್ಸಸ್ ರಾಜ್ಯದ ಪಾಟ್‌ವಿನ್ ಎಂಬ ಸಣ್ಣ ಊರಿನ ಬಳಿ ಒಂದು ಹೊಲದ ಮನೆ ಇದೆ. ಮ್ಯಾಕ್ಸ್‌ಮೈಂಡ್ ಅಮೆರಿಕದ ಮಧ್ಯಬಿಂದು ಎಂದು 38 ಉತ್ತರ, 97 ಪಶ್ಚಿಮ ಎಂಬ ದುಂಡು ಸಂಖ್ಯೆ ಇಟ್ಟಿತ್ತು. ಆ ಮನೆ ಸರಿಯಾಗಿ ಅಲ್ಲಿತ್ತು. ಊರು ತಿಳಿಯದ 60 ಕೋಟಿಗೂ ಜಾಸ್ತಿ ವಿಳಾಸಗಳು ಆ ಅಂಗಳಕ್ಕೆ ತೋರಿಸುತ್ತಿದ್ದವು. ಇಂಟರ್ನೆಟ್‌ನಲ್ಲಿ ಮೋಸ ಹೋದವರು, ಪೊಲೀಸರು, ಕೇಂದ್ರದ ತನಿಖಾಧಿಕಾರಿಗಳು ವರ್ಷಗಟ್ಟಲೆ ಆ ಬಾಗಿಲು ಬಡಿದರು. ಅಲ್ಲಿದ್ದವರಿಗೆ ಏಕೆಂದೇ ತಿಳಿಯಲಿಲ್ಲ. 2016ರಲ್ಲಿ ಸುದ್ದಿ ಜಾಲತಾಣವೊಂದು ಹುಡುಕಿ ತೆಗೆದ ಮೇಲೆ ಕಂಪನಿ ಆ ಬಿಂದುವನ್ನು ವಿಚಿಟಾ ಊರಿನ ಪಶ್ಚಿಮದ ಒಂದು ಜಲಾಶಯದ ನೀರಿನೊಳಗೆ ಸರಿಸಿತು. ಈ ಕಥೆಯನ್ನು ನಮ್ಮಲ್ಲಿ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಹೇಳುತ್ತೇನೆ. ನಾವು ಪರದೆಯ ಮೇಲೆ ಹಾಕುವ ಚುಕ್ಕೆಯ ಕೆಳಗೆ ಯಾರದೋ ಮನೆ ಇರುತ್ತದೆ.

ಪತ್ತೆ ಹಚ್ಚುವುದು ಸುಲಭ. ಒಂದೇ ಅಕ್ಷಾಂಶ ರೇಖಾಂಶಕ್ಕೆ ಸಂಬಂಧವೇ ಇಲ್ಲದ ನೂರಾರು ಜಾಲಗಳ ವಿಳಾಸ ಸೇರಿದ್ದರೆ, ಊರಿನ ಹೆಸರು ಖಾಲಿ ಇದ್ದರೆ, ಅದು ಮಧ್ಯಬಿಂದು. ಸಿಟಿ ಡೇಟಾಬೇಸ್‌ನಲ್ಲಿ ‘ಅಕ್ಯುರಸಿ ರೇಡಿಯಸ್’ ಎಂಬ ಫೀಲ್ಡ್ ಇದೆ. ಈ ಬಿಂದುವಿನಿಂದ ಎಷ್ಟು ಕಿಲೋಮೀಟರ್ ಒಳಗೆ ಎಲ್ಲಾದರೂ ಇರಬಹುದು ಎಂದು ಅದು ಹೇಳುತ್ತದೆ. ಅಲ್ಲಿ 1000 ಎಂದಿದ್ದರೆ ಆ ಚುಕ್ಕೆಗೆ ಊರಿನ ಅರ್ಥವೇ ಇಲ್ಲ. ಬೆಂಗಳೂರಿನಿಂದ ಮುಂಬೈ ಗಾಳಿದಾರಿಯಲ್ಲಿ ಸುಮಾರು 840 ಕಿಲೋಮೀಟರ್ ಅಷ್ಟೆ. ನಾವು ತ್ರಿಜ್ಯ ಜಾಸ್ತಿ ಇರುವ ಘಟನೆಗೆ ಚುಕ್ಕೆ ಹಾಕುವುದನ್ನೇ ಬಿಟ್ಟಿದ್ದೇವೆ. ಇಡೀ ದೇಶಕ್ಕೆ ಬಣ್ಣ ಹಚ್ಚುತ್ತೇವೆ.

ಮೊಬೈಲ್ ಡೇಟಾದಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಶಿವಮೊಗ್ಗದ ಮನೆಯಲ್ಲಿ ಕೂತವರ ಫೋನ್ ಚೆನ್ನೈನಲ್ಲೋ ಮುಂಬೈನಲ್ಲೋ ಕಾಣುತ್ತದೆ, ಏಕೆಂದರೆ ಆ ಕಂಪನಿಯ ದಟ್ಟಣೆ ಅಲ್ಲಿಂದ ಹೊರಗೆ ಬರುತ್ತದೆ. ಕರೆಂಟ್ ಹೋಗಿ ವೈಫೈ ನಿಂತು ಅವರು ಫೋನಿನ ಹಾಟ್‌ಸ್ಪಾಟ್‌ಗೆ ಬದಲಾದರೆ ಎರಡು ನಿಮಿಷದಲ್ಲಿ ಶಿವಮೊಗ್ಗದಿಂದ ಮುಂಬೈಗೆ ಹಾರಿದಂತೆ ಲೆಕ್ಕವಾಗಿ ‘ಅಸಾಧ್ಯ ಪ್ರಯಾಣ’ ಅಲರ್ಟ್ ಬರುತ್ತದೆ. ಅಲರ್ಟ್ ನಿಯಮದಲ್ಲಿ ದೂರದ ಜೊತೆಗೆ ಜಾಲದ ಸಂಖ್ಯೆ, ಅಂದರೆ ಎಎಸ್‌ಎನ್, ಮತ್ತು ತ್ರಿಜ್ಯ ಎರಡನ್ನೂ ಸೇರಿಸಿ. ಆ ವ್ಯಕ್ತಿ ದಿನವೂ ಬಳಸುವ ಎರಡು ಜಾಲಗಳ ನಡುವಿನ ಹಾರಾಟಕ್ಕೆ ರಾತ್ರಿ ಯಾರನ್ನೂ ಎಬ್ಬಿಸಬೇಕಿಲ್ಲ.

8.8.8.8, 1.1.1.1ರಂಥ ವಿಳಾಸಗಳು ಒಂದೇ ಸಮಯದಲ್ಲಿ ಹತ್ತಾರು ದೇಶಗಳಲ್ಲಿ ಇವೆ. ಅದನ್ನು ಎನಿಕಾಸ್ಟ್ ಎನ್ನುತ್ತಾರೆ. ಅವಕ್ಕೆ ಚುಕ್ಕೆ ಹಾಕುವುದು ವ್ಯರ್ಥ. ಏಷ್ಯಾ ಪೆಸಿಫಿಕ್ ಭಾಗದ ಐಪಿವಿ4, ಅಂದರೆ ಹಳೆಯ ಬಗೆಯ ಐಪಿ ವಿಳಾಸಗಳ ಸಂಗ್ರಹ 2011ರ ಏಪ್ರಿಲ್‌ನಲ್ಲೇ ಬಹುಪಾಲು ಮುಗಿದಿದೆ. ಆಮೇಲೆ ವಿಳಾಸಗಳು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರಾಟವಾಗುತ್ತಿವೆ. ಹಳೆಯ ಡೇಟಾಬೇಸ್ ಹಳೆಯ ಒಡೆಯನ ದೇಶವನ್ನೇ ಹೇಳುತ್ತದೆ. ಒಂದು ದೇಶದ ಬಗ್ಗೆ ಮೇಲಿನವರಿಗೆ ವರದಿ ಬರೆಯುವ ಮೊದಲು ನೋಂದಣಿ ದಾಖಲೆಯನ್ನೂ ಒಮ್ಮೆ ನೋಡಿ. ಅದೂ ಸರಿಯಾಗಿದ್ದರೂ ಚುಕ್ಕೆ ತೋರಿಸುವುದು ಯಂತ್ರದ ಜಾಗ, ಅದರ ಹಿಂದಿನ ಮನುಷ್ಯನದ್ದಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್‌ನ ದಾಳಿಯಲ್ಲಿ ದಾಳಿ ಮಾಡಿದ್ದು ಮನೆಗಳ ಕ್ಯಾಮೆರಾ, ವಿಡಿಯೋ ರೆಕಾರ್ಡರ್‌ಗಳು. ಅವುಗಳ ಒಡೆಯರಿಗೆ ವಿಷಯವೇ ಗೊತ್ತಿರಲಿಲ್ಲ.

ಬಣ್ಣ ಹಚ್ಚಿದ ನಕ್ಷೆಯಲ್ಲಿ ಒಂದು ದೇಶ ಮಾತ್ರ ಇಲ್ಲ

ದೇಶಕ್ಕೆ ಬಣ್ಣ ಹಚ್ಚುವ ನಕ್ಷೆ ಎರಡಕ್ಷರದ ಕೋಡ್ ಮೇಲೆ ನಿಂತಿದೆ. ನಮೀಬಿಯಾದ ಕೋಡ್ ಎನ್‌ಎ. ಪೈಥಾನ್‌ನ ಪಾಂಡಾಸ್ ಎಂಬ ಡೇಟಾ ಸಲಕರಣೆ ಸಿಎಸ್‌ವಿ ಫೈಲ್ ಓದುವಾಗ ಅದನ್ನು ‘ಮಾಹಿತಿ ಇಲ್ಲ’ ಎಂದುಕೊಂಡು ಖಾಲಿ ಮಾಡುತ್ತದೆ. ನಾರ್ವೆಯ ಕೋಡ್ ಎನ್‌ಒ. ಯಾಮಲ್ ಎಂಬ ಸೆಟ್ಟಿಂಗ್ ಫೈಲ್ ಬಗೆಯ ಹಳೆಯ ನಿಯಮದಲ್ಲಿ ಅದು ‘ಇಲ್ಲ’ ಎಂಬ ಉತ್ತರವಾಗುತ್ತದೆ. ನಮ್ಮ ದೇಶದ ಐಎನ್ ಅಮೆರಿಕದ ರಾಜ್ಯಗಳ ಪಟ್ಟಿಯಲ್ಲಿ ಇಂಡಿಯಾನಾ. ತಪ್ಪು ಪದರಕ್ಕೆ ಜೋಡಿಸಿದರೆ ಭಾರತದ ದಾಳಿ ಇಂಡಿಯಾನಾಕ್ಕೆ ಹೋಗುತ್ತದೆ. ಕೋಡ್‌ಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಖಾಲಿ ಎಂದು ಊಹಿಸುವುದನ್ನು ಆಫ್ ಮಾಡಿ.

ಊರಿನ ಹೆಸರಿನ ಮೇಲೆ ಜೋಡಣೆ ಮಾಡಲೇಬೇಡಿ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಬೆಂಗಳೂರಾಯಿತು, ಬೆಳಗಾಂ ಬೆಳಗಾವಿಯಾಯಿತು. ಒಂದು ಪಟ್ಟಿಯಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಇದ್ದರೆ ಒಂದೇ ಊರು ಎರಡಾಗುತ್ತದೆ. ಜಿಯೋನೇಮ್ಸ್ ಎಂಬ ಊರುಗಳ ಪಟ್ಟಿಯಲ್ಲಿರುವ ಸಂಖ್ಯೆ ಬಳಸಿ. ಬೆಂಗಳೂರಿನದು 1277333, ಹೆಸರು ಬದಲಾದರೂ ಅದು ಬದಲಾಗಲಿಲ್ಲ.

ಗಡಿಯ ಫೈಲ್ ಯಾವ ವರ್ಷದ್ದು ಎಂದೂ ನೋಡಿ. 2014ಕ್ಕಿಂತ ಹಿಂದಿನದರಲ್ಲಿ ತೆಲಂಗಾಣ ಇಲ್ಲ. 2019ಕ್ಕಿಂತ ಹಿಂದಿನದರಲ್ಲಿ ಲಡಾಖ್ ಬೇರೆಯಾಗಿಲ್ಲ. 2021ಕ್ಕಿಂತ ಹಿಂದಿನ ಕರ್ನಾಟಕದ ಜಿಲ್ಲಾ ಫೈಲಿನಲ್ಲಿ ವಿಜಯನಗರ ಜಿಲ್ಲೆ ಇಲ್ಲ, ಹೊಸಪೇಟೆ ಶಾಖೆಯ ಅಲರ್ಟ್ ಬಳ್ಳಾರಿಗೆ ಸೇರುತ್ತದೆ. ವಿದೇಶದ ಉಚಿತ ನಕ್ಷೆಗಳಲ್ಲಿ ನಮ್ಮ ಉತ್ತರದ ಗಡಿ ಬೇರೆ ರೀತಿ ಇರುತ್ತದೆ. ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸುವುದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಡಿ ಅಪರಾಧ. ಡ್ಯಾಶ್‌ಬೋರ್ಡಿನ ಚಿತ್ರ ವರದಿಯಾಗಿ ಹೊರಗೆ ಹೋಗುವ ಮೊದಲೇ ಇದನ್ನು ಸರಿಮಾಡಿಕೊಳ್ಳಿ. ನ್ಯಾಚುರಲ್ ಅರ್ಥ್ ಎಂಬ ಉಚಿತ ನಕ್ಷೆ ಸಂಗ್ರಹದಲ್ಲಿ ಭಾರತದ ದೃಷ್ಟಿಯ ಗಡಿ ಇರುವ ಆವೃತ್ತಿಯೂ ಸಿಗುತ್ತದೆ. ಅದನ್ನೂ ಸರ್ವೆಯ ನಕ್ಷೆಯ ಪಕ್ಕ ಇಟ್ಟು ನೋಡಿ.

ಸರಿಮಾಡಿದ ಮೇಲೆ

ಆ ಆರ್ಕ್ಟಿಕ್ ರಾತ್ರಿಯ ನಂತರ ಒಂದು ಚಿಕ್ಕ ಪರೀಕ್ಷಾ ಫೈಲ್ ಮಾಡಿಟ್ಟುಕೊಂಡಿದ್ದೇವೆ. ಅದರಲ್ಲಿ ಬೆಂಗಳೂರಿನ ಒಂದು ವಿಳಾಸ, ಸಿಂಗಪುರದ ಒಂದು, ನ್ಯೂಯಾರ್ಕಿನ ಒಂದು, ನಮೀಬಿಯಾದ ಒಂದು, ಒಂದು ಐಪಿವಿ6, 10ರಿಂದ ಶುರುವಾಗುವ ಒಂದು, 100.64ರ ಒಂದು ಇವೆ. ಜೊತೆಗೆ ಎರಡು ಪ್ರಾಕ್ಸಿ ದಾಟಿ ಬಂದ ಒಂದು ವೆಬ್ ಲಾಗ್ ಸಾಲು. ಸ್ಕ್ರಿಪ್ಟ್, ಟೆಂಪ್ಲೇಟ್, ಡೇಟಾಬೇಸ್, ಏನು ಬದಲಿಸಿದರೂ ಈ ಎಂಟು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹಾಯಿಸುತ್ತೇವೆ. ಎಂಟು ಹೋದರೆ ಇಂಡೆಕ್ಸ್‌ನಲ್ಲಿ ಎಂಟು ಬರಬೇಕು, ಆರು ಚುಕ್ಕೆ ಸರಿಯಾದ ದೇಶದಲ್ಲಿ ಕೂರಬೇಕು, ಉಳಿದೆರಡು ಜಾಗವಿಲ್ಲದೆ ದಾಖಲೆಯಾಗಿ ಉಳಿಯಬೇಕು. ಸಿಂಗಪುರದ ಸಾಲು ಇಂಡೆಕ್ಸ್‌ನಲ್ಲಿ ಕಾಣದಿದ್ದರೆ ಉಳಿದದ್ದನ್ನು ನೋಡಲು ಹೋಗಬೇಡಿ. ಮಾಡಿದ ಬದಲಾವಣೆಯನ್ನು ಆ ಕ್ಷಣವೇ ಹಿಂದಕ್ಕೆ ತೆಗೆಯಿರಿ.